ಕಲಾ ಕಾಲೇಜುಗಳ ಒಕ್ಕೂಟದ ಹೆಸರು ನೋಡಿ ಸೀಟು ತೆಗೆದುಕೊಳ್ಳಬಹುದೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕ ಮತ್ತು ಕೆನಡಾದ ಕಲಾ–ವಿನ್ಯಾಸ ಕಾಲೇಜುಗಳ ಸದಸ್ಯತ್ವ ಒಕ್ಕೂಟ ‘ಅಸೋಸಿಯೇಷನ್ ಆಫ್ ಇಂಡಿಪೆಂಡೆಂಟ್ ಕಾಲೇಜಸ್ ಆಫ್ ಆರ್ಟ್ ಅಂಡ್ ಡಿಸೈನ್’ 1991ರಲ್ಲಿ ಹುಟ್ಟಿತು. ಎಐಸಿಎಡಿ ಎಂಬುದು ಅದರ ಚಿಕ್ಕ ಹೆಸರು. ಪ್ರಾವಿಡೆನ್ಸ್‌ನ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್, ಬಾಲ್ಟಿಮೋರ್‌ನ ಮೇರಿಲ್ಯಾಂಡ್ ಇನ್‌ಸ್ಟಿಟ್ಯೂಟ್, ಬ್ರೂಕ್ಲಿನ್‌ನ ಪ್ರ್ಯಾಟ್, ಷಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟ್‌ನ ಶಾಲೆ ಇವೆಲ್ಲ ಅದರೊಳಗಿವೆ. ಈ ಒಕ್ಕೂಟದ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಎತ್ತಿಕೊಂಡಿದ್ದೇವೆ.

ಮಗಳಿಗೆ ಅಮೆರಿಕದ ಒಂದು ಕಲಾ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಕಾಲೇಜು ಎಐಸಿಎಡಿ ಸದಸ್ಯ, ಹಾಗಾಗಿ ಸರ್ಕಾರದ ಮಾನ್ಯತೆ ಇದ್ದೇ ಇರುತ್ತದೆ, ಬೇರೇನೂ ನೋಡಬೇಕಿಲ್ಲ ಎಂದು ಕನ್ಸಲ್ಟೆನ್ಸಿಯವರು ಹೇಳುತ್ತಾರೆ. ನಂಬಬಹುದೇ?
*– ಒಬ್ಬ ತಾಯಿ, ಶಿವಮೊಗ್ಗ*

ಆ ಮಾತು ನಂಬಿ ಹಣ ಕಟ್ಟಬೇಡಿ ತಾಯಿ. ಸದಸ್ಯತ್ವ ಬೇರೆ, ಮಾನ್ಯತೆ ಬೇರೆ. ಒಕ್ಕೂಟ ಕಾಲೇಜುಗಳಿಗಾಗಿ ಇರುವ ಸಂಸ್ಥೆ. ಅವುಗಳ ಮುಖ್ಯಸ್ಥರನ್ನೂ ಅಧ್ಯಾಪಕರನ್ನೂ ಒಂದೆಡೆ ಸೇರಿಸುತ್ತದೆ, ಅಂಕಿಅಂಶ ಹಂಚಿಕೊಳ್ಳುವ ವ್ಯವಸ್ಥೆ ಮಾಡುತ್ತದೆ, ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ಮತ್ತೊಂದು ಸದಸ್ಯ ಕಾಲೇಜಿನಲ್ಲಿ ಓದಿಬರಲು ದಾರಿ ಮಾಡಿಕೊಡುತ್ತದೆ. ಪದವಿಯನ್ನು ಅದು ಪರೀಕ್ಷಿಸುವುದಿಲ್ಲ. ಕಾಲೇಜು ನಾಳೆ ಬಾಗಿಲು ಹಾಕಿದರೆ ನಿಮ್ಮ ದುಡ್ಡಿಗೂ ಅದು ಜಾಮೀನಲ್ಲ.

ಅಮೆರಿಕದಲ್ಲಿ ಮಾನ್ಯತೆ ಕೊಡುವುದು ಸರ್ಕಾರವೂ ಅಲ್ಲ. ಅಲ್ಲಿನ ಶಿಕ್ಷಣ ಇಲಾಖೆ ಕೆಲವು ಮಾನ್ಯತಾ ಮಂಡಳಿಗಳನ್ನು ಗುರುತಿಸಿದೆ, ಅವು ಕಾಲೇಜುಗಳನ್ನು ಪರಿಶೀಲಿಸುತ್ತವೆ. ನೀವು ಮೊದಲು ಕೇಳಬೇಕಾದ್ದು ಇಡೀ ಸಂಸ್ಥೆಗೆ ಸಿಗುವ ಮಾನ್ಯತೆ. ಫಿಲಡೆಲ್ಫಿಯಾ, ನ್ಯೂಯಾರ್ಕ್ ಕಡೆಯ ಕಾಲೇಜಾದರೆ ಮಿಡ್ಲ್ ಸ್ಟೇಟ್ಸ್ ಕಮಿಷನ್, ಷಿಕಾಗೊ ಕಡೆಯದಾದರೆ ಹೈಯರ್ ಲರ್ನಿಂಗ್ ಕಮಿಷನ್, ಹೀಗೆ. ಎರಡನೆಯದು ಕಲಾ ವಿಷಯಕ್ಕೇ ಮೀಸಲಾದ ಮಾನ್ಯತೆ. ಅದನ್ನು ಕೊಡುವುದು 1944ರಲ್ಲಿ ಹುಟ್ಟಿದ ನ್ಯಾಷನಲ್ ಅಸೋಸಿಯೇಷನ್ ಆಫ್ ಸ್ಕೂಲ್ಸ್ ಆಫ್ ಆರ್ಟ್ ಅಂಡ್ ಡಿಸೈನ್, ಅಂದರೆ ನಾಸ್ಯಾಡ್. ಹೆಸರುಗಳು ಹತ್ತಿರ ಹತ್ತಿರ ಇರುವುದರಿಂದಲೇ ಕನ್ಸಲ್ಟೆನ್ಸಿಯವರೂ ಒಂದನ್ನು ಇನ್ನೊಂದೆಂದು ಹೇಳಿಬಿಡುತ್ತಾರೆ. ವೃತ್ತಿಪರ ಬಿಎಫ್‌ಎ (ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್) ಪದವಿಗೆ ಕನಿಷ್ಠ 120 ಕ್ರೆಡಿಟ್, ಅದರಲ್ಲಿ ಸುಮಾರು ಶೇ 65ರಷ್ಟು ಕಲೆ–ವಿನ್ಯಾಸದ್ದೇ ಇರಬೇಕು ಎಂಬ ಅಳತೆಗೋಲು ನಾಸ್ಯಾಡ್‌ನದು.

ಮಾಡಬೇಕಾದ ಕೆಲಸ ಇಷ್ಟು. ಕಾಲೇಜಿನ ಜಾಲತಾಣವನ್ನಷ್ಟೇ ನೋಡಿ ಸುಮ್ಮನಾಗದೆ ಮಾನ್ಯತಾ ಮಂಡಳಿಯ ತಾಣಕ್ಕೇ ಹೋಗಿ ಕಾಲೇಜಿನ ಹೆಸರು ಹುಡುಕಿ. ‘ಮಾನ್ಯತೆ ಇದೆ’ ಎಂಬ ಸಾಲಿನ ಕೆಳಗೆ ಎಚ್ಚರಿಕೆ, ಪ್ರೊಬೇಷನ್, ‘ಷೋ ಕಾಸ್’ (ಮಾನ್ಯತೆ ಏಕೆ ಹಿಂಪಡೆಯಬಾರದು ಎಂದು ಕಾರಣ ಕೇಳುವುದು) ಎಂಬ ಮಾತುಗಳೇನಾದರೂ ಇವೆಯೇ ನೋಡಿ. ಮಾನ್ಯತೆ ಇರುವಾಗಲೇ ಈ ಮಾತುಗಳು ಬರುತ್ತವೆ. ಇದ್ದರೆ ಕಾರಣದ ಪತ್ರವೂ ಅಲ್ಲೇ ಸಿಗುತ್ತದೆ, ಓದಿ. ಮುಂದಿನ ಪರಿಶೀಲನೆ ಯಾವ ವರ್ಷ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಮಗಳು ಮರಳಿ ಬಂದು ಇಲ್ಲಿ ಅಧ್ಯಾಪಕಿಯಾಗಬೇಕು, ಪಿಎಚ್‌ಡಿ ಮಾಡಬೇಕು ಎಂದಿದ್ದರೆ ವಿದೇಶಿ ಪದವಿಗೆ ತತ್ಸಮಾನ ಪ್ರಮಾಣಪತ್ರ ಬೇಕಾಗುತ್ತದೆ. ಮೊದಲು ಇದು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಕೆಲಸವಾಗಿತ್ತು. ಯುಜಿಸಿ 2025ರ ಏಪ್ರಿಲ್‌ನಲ್ಲಿ ಇದಕ್ಕೆ ತನ್ನದೇ ನಿಯಮ ತಂದಿದೆ. ಅಲ್ಲಿಯೂ ಕೇಳುವುದು ಆ ದೇಶದಲ್ಲಿ ಸಂಸ್ಥೆಗೆ ಮಾನ್ಯತೆ ಇತ್ತೇ ಎಂದು. ಒಕ್ಕೂಟದ ಸದಸ್ಯತ್ವ ಅಲ್ಲಿ ಲೆಕ್ಕಕ್ಕಿಲ್ಲ. ಪ್ರತಿ ಸೆಮಿಸ್ಟರಿನ ಸಿಲಬಸ್, ಕ್ರೆಡಿಟ್ ಪಟ್ಟಿ ಇವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಲು ಮಗಳಿಗೆ ಮೊದಲ ದಿನವೇ ಹೇಳಿ. ಕಾಲೇಜು ಮುಚ್ಚಿದ ಮೇಲೆ ಹಳೆಯ ಸಿಲಬಸ್ ಹುಡುಕುವುದು ಬಹಳ ಕಷ್ಟ.

ಫಿಲಡೆಲ್ಫಿಯಾದ ಕಲಾ ವಿಶ್ವವಿದ್ಯಾಲಯ ಒಂದೇ ವಾರದಲ್ಲಿ ಮುಚ್ಚಿತಂತೆ. ಅಷ್ಟು ಹಳೆಯ ಸಂಸ್ಥೆ ಹೀಗೆ ಹೇಗೆ ಬೀಳುತ್ತದೆ? ಬೀಳುವ ಕಾಲೇಜನ್ನು ಮೊದಲೇ ಗುರುತಿಸಬಹುದೇ? ಮಗನಿಗೆ ಬ್ಯಾಂಕ್ ಸಾಲ ಮಾಡಿ ಕಳಿಸುವವನು ನಾನು.
*– ನಿವೃತ್ತ ಶಿಕ್ಷಕರು, ದಾವಣಗೆರೆ*

ನೀವು ಕೇಳಿದ್ದು ನಿಜ ಸರ್. ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ 2024ರ ಮೇ 31ರಂದು ಸುದ್ದಿ ಹೊರಬಿಟ್ಟಿತು, ಜೂನ್ 7ಕ್ಕೆ ಮುಚ್ಚಿತು. ಮಿಡ್ಲ್ ಸ್ಟೇಟ್ಸ್ ಕಮಿಷನ್ ಜೂನ್ 1ರಿಂದಲೇ ಮಾನ್ಯತೆ ಹಿಂಪಡೆಯಿತು. ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು. ಅದೂ ಈ ಒಕ್ಕೂಟದ ಸದಸ್ಯ ಸಂಸ್ಥೆಯೇ ಆಗಿತ್ತು. ಅದಕ್ಕೂ ಮೊದಲು, 2022ರ ಜುಲೈನಲ್ಲಿ, 1871ರಷ್ಟು ಹಳೆಯದಾದ ಸ್ಯಾನ್ ಫ್ರಾನ್ಸಿಸ್ಕೊ ಆರ್ಟ್ ಇನ್‌ಸ್ಟಿಟ್ಯೂಟ್ ಪಾಠ ನಿಲ್ಲಿಸಿತು, ಮರುವರ್ಷ ದಿವಾಳಿ ಅರ್ಜಿ ಹಾಕಿತು. ಅದರ ಗೋಡೆಯ ಮೇಲೆ ಮೆಕ್ಸಿಕೊದ ಕಲಾವಿದ ಡಿಯೇಗೊ ರಿವೇರಾ 1931ರಲ್ಲಿ ಬರೆದ ದೊಡ್ಡ ಭಿತ್ತಿಚಿತ್ರವಿದೆ. ಸಾಲ ತೀರಿಸಲು ಅದನ್ನೇ ಮಾರುವ ಮಾತು ಬಂದಾಗ ನಗರ ಅದನ್ನು ಸಂರಕ್ಷಿತ ಸ್ಮಾರಕ ಮಾಡಿತು. ಗೋಡೆ ಉಳಿಯಿತು, ಶಾಲೆ ಉಳಿಯಲಿಲ್ಲ. ಕಲೆಯನ್ನು ಪ್ರೀತಿಸುವ ಯಾರಿಗಾದರೂ ಇದು ನೋವಿನ ಸಂಗತಿ.

ಕಾರಣ ಈ ಕಾಲೇಜುಗಳ ಕಟ್ಟುವಿಕೆಯಲ್ಲೇ ಇದೆ. ‘ಸ್ವತಂತ್ರ’ ಎಂದರೆ ದೊಡ್ಡ ವಿಶ್ವವಿದ್ಯಾಲಯದ ಆಸರೆಯಿಲ್ಲದೆ ತನ್ನ ಕಾಲ ಮೇಲೆ ನಿಂತದ್ದು. ಎಂಜಿನಿಯರಿಂಗ್ ವಿಭಾಗದ ಆದಾಯ ತಂದು ಕಲಾ ವಿಭಾಗದ ನಷ್ಟ ತುಂಬಲು ಅಲ್ಲಿ ಇನ್ನೊಂದು ವಿಭಾಗವೇ ಇರುವುದಿಲ್ಲ. ಖರ್ಚೋ ಜಾಸ್ತಿ. ಇತಿಹಾಸದ ಪಾಠಕ್ಕೆ ಒಂದು ಹಾಲ್‌ನಲ್ಲಿ 100 ಮಂದಿ ಕೂರಬಹುದು, ಎಚ್ಚಿಂಗ್ ಪ್ರೆಸ್ (ಆಸಿಡ್‌ನಲ್ಲಿ ಕೊರೆದ ತಗಡಿನಿಂದ ಚಿತ್ರ ಅಚ್ಚುಹಾಕುವ ಯಂತ್ರ) ಇರುವ ಕೋಣೆಯಲ್ಲಿ 15–18 ಮಂದಿಗಿಂತ ಹೆಚ್ಚು ಸೇರಿಸಲಾಗದು. ಆಸಿಡ್ ಕೋಣೆಗೆ ಗಾಳಿ ಎಳೆಯುವ ಯಂತ್ರ ಬೇಕು, ಮಡಕೆ ಸುಡುವ ಗೂಡಿಗೆ ಗ್ಯಾಸ್ ಬೇಕು, ಮರಗೆಲಸದ ಯಂತ್ರದ ಪಕ್ಕ ಪೂರ್ತಿ ಹೊತ್ತಿನ ತಂತ್ರಜ್ಞ ನಿಂತಿರಬೇಕು. ಈ ಖರ್ಚು ವಿದ್ಯಾರ್ಥಿಗಳು ಕಡಿಮೆಯಾದರೂ ಕಡಿಮೆಯಾಗದು. ಆದಾಯವೋ ಬಹುಪಾಲು ಫೀಸಿನಿಂದ. ಹಾಗಾಗಿ ದಾಖಲಾತಿ ಮೂರು ವರ್ಷ ಸತತ ಕುಸಿದರೆ ಗಂಟು ಕರಗುತ್ತದೆ. ಅದೇ ಸಮಯಕ್ಕೆ ಹೊಸ ಕಟ್ಟಡಕ್ಕೆಂದು ಮಾಡಿದ ಸಾಲವಿದ್ದರೆ ಮುಗಿಯಿತು.

ಗುರುತಿಸಬಹುದೇ ಎಂದಿರಿ. ಪೂರ್ತಿ ಅಲ್ಲದಿದ್ದರೂ ಬಹುಮಟ್ಟಿಗೆ ಆಗುತ್ತದೆ, ಒಂದು ಸಂಜೆಯ ಕೆಲಸ. ಲಾಭರಹಿತ ಖಾಸಗಿ ಕಾಲೇಜುಗಳು ಪ್ರತಿವರ್ಷ ‘ಫಾರ್ಮ್ 990’ ಎಂಬ ತೆರಿಗೆ ವಿವರಣೆ ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ, ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆಯ ತಾಣದಲ್ಲಿ ಕಾಲೇಜಿನ ಹೆಸರು ಹಾಕಿದರೆ ಉಚಿತವಾಗಿ ಸಿಗುತ್ತದೆ. ಒಂದೇ ವರ್ಷದ್ದು ನೋಡಿದರೆ ಏನೂ ತಿಳಿಯದು, ಐದು ವರ್ಷದ್ದು ತೆಗೆಯಿರಿ. ಒಟ್ಟು ಆದಾಯ, ಒಟ್ಟು ಖರ್ಚು, ವರ್ಷದ ಕೊನೆಯ ನಿವ್ವಳ ಆಸ್ತಿ ಈ ಮೂರನ್ನು ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆಯಿರಿ. ಐದರಲ್ಲಿ ಮೂರು ವರ್ಷ ಖರ್ಚು ಆದಾಯವನ್ನು ಮೀರಿದ್ದರೆ ಪ್ರಶ್ನೆ ಕೇಳಬೇಕಾದ ಕಾಲೇಜು ಅದು. ದತ್ತಿನಿಧಿ ಒಂದು ವರ್ಷದ ಖರ್ಚಿಗಿಂತ ಕಡಿಮೆಯಿದ್ದರೆ ಇನ್ನೂ ಜೋಪಾನ. ನೆನಪಿಡಿ, ಆ ನಿಧಿಯಲ್ಲಿ ದೊಡ್ಡ ಭಾಗವನ್ನು ದಾನಿಗಳು ಹೇಳಿದ ಉದ್ದೇಶಕ್ಕೆ ಬಿಟ್ಟು ಬೇರೆಯದಕ್ಕೆ ಮುಟ್ಟುವಂತಿಲ್ಲ. ಒಟ್ಟು ಮೊತ್ತ ನೋಡಿ ನಿಶ್ಚಿಂತರಾಗುವವರು ಮೋಸಹೋಗುವುದು ಇಲ್ಲೇ.

ಮುಂದೆ, ಅಮೆರಿಕದ ಶಿಕ್ಷಣ ಇಲಾಖೆ ಖಾಸಗಿ ಕಾಲೇಜುಗಳ ಹಣಕಾಸಿಗೆ ಒಂದು ಅಂಕ ಕೊಡುತ್ತದೆ. ಮೈನಸ್ 1ರಿಂದ 3ರವರೆಗೆ. 1.5 ಮತ್ತು ಮೇಲಿದ್ದರೆ ಪಾಸು, 1ರಿಂದ 1.5ರ ನಡುವೆ ನಿಗಾದಲ್ಲಿ, 1ಕ್ಕಿಂತ ಕೆಳಗೆ ಫೇಲು. ಈ ಅಂಕ ಒಂದೆರಡು ವರ್ಷ ಹಿಂದಿನ ಲೆಕ್ಕದ್ದು, ಆದ್ದರಿಂದ ಪಾಸಾದದ್ದೇ ಸಾಲದು, ಇಳಿಯುತ್ತಿದೆಯೇ ನೋಡಿ. ದಾಖಲಾತಿಯ ಸಂಖ್ಯೆ ‘ಕಾಲೇಜ್ ನ್ಯಾವಿಗೇಟರ್’ ಎಂಬ ಸರ್ಕಾರಿ ತಾಣದಲ್ಲಿದೆ.

ಮುಚ್ಚುವುದರಲ್ಲೂ ಎರಡು ಬಗೆ. 1805ರಲ್ಲಿ ಶುರುವಾದ ಪೆನ್ಸಿಲ್ವೇನಿಯಾ ಅಕಾಡೆಮಿ ಆಫ್ ದಿ ಫೈನ್ ಆರ್ಟ್ಸ್ ತನ್ನ ಪದವಿ ತರಗತಿಗಳನ್ನು 2024–25ರ ಕೊನೆಗೆ ನಿಲ್ಲಿಸುತ್ತೇನೆಂದು 2024ರ ಜನವರಿಯಲ್ಲೇ ಹೇಳಿತು. ವಿದ್ಯಾರ್ಥಿಗಳಿಗೆ ಬೇರೆ ದಾರಿ ಹುಡುಕಿಕೊಳ್ಳಲು ವರ್ಷಕ್ಕೂ ಹೆಚ್ಚು ಸಮಯ ಸಿಕ್ಕಿತು. ಒಂದು ವಾರಕ್ಕೂ ಒಂದು ವರ್ಷಕ್ಕೂ ಎಷ್ಟು ಅಂತರ! ಆದ್ದರಿಂದ ಪ್ರವೇಶ ಕಚೇರಿಗೆ ಇಮೇಲ್ ಬರೆದು ‘ಟೀಚ್–ಔಟ್ ಒಪ್ಪಂದ ಯಾವ ಕಾಲೇಜಿನ ಜೊತೆಗಿದೆ?’ ಎಂದು ಕೇಳಿ. ಕಾಲೇಜು ನಿಂತರೆ ಉಳಿದ ಪಾಠ ಯಾರು ಮುಗಿಸಿಕೊಡುತ್ತಾರೆ ಎಂಬ ಒಪ್ಪಂದ ಅದು. ಗಟ್ಟಿಯಾಗಿರುವ ಕಾಲೇಜಿಗೆ ಅಂಥ ಒಪ್ಪಂದದ ಅಗತ್ಯವೇ ಬಿದ್ದಿರುವುದಿಲ್ಲ, ಅದನ್ನೇ ಅವರು ಬರೆಯುತ್ತಾರೆ. ಉತ್ತರವೇ ಬಾರದಿದ್ದರೆ ಮತ್ತೊಮ್ಮೆ ಕೇಳಿ.

ನಿಮ್ಮ ಸಾಲದ ವಿಷಯ ಎಲ್ಲಕ್ಕಿಂತ ಮುಖ್ಯ. ಕಾಲೇಜು ಮುಚ್ಚಿದಾಗ ಸಾಲಮನ್ನಾ ಆಯಿತು ಎಂಬ ಸುದ್ದಿಗಳು ಅಮೆರಿಕ ಸರ್ಕಾರ ತನ್ನ ಪ್ರಜೆಗಳಿಗೆ ಕೊಡುವ ಸಾಲದ ಬಗ್ಗೆ. ನಮ್ಮ ಬ್ಯಾಂಕಿನ ಸಾಲಕ್ಕೆ ಅದು ಅನ್ವಯಿಸದು, ಕಂತು ನಿಲ್ಲುವುದಿಲ್ಲ. ಹಾಗಾಗಿ ಇಡೀ ವರ್ಷದ ಹಣ ಒಟ್ಟಿಗೆ ಕಳಿಸಬೇಡಿ. ಸೆಮಿಸ್ಟರಿಗೊಮ್ಮೆ, ಬಿಲ್ಲು ಬಂದ ಮೇಲೆ ಬಿಡುಗಡೆಯಾಗುವಂತೆ ಬ್ಯಾಂಕಿಗೆ ಹೇಳಿ. ಶೇ 3–4ರ ರಿಯಾಯಿತಿಯ ಆಸೆಗೆ ಮುಂಗಡ ಕಟ್ಟಿದರೆ ಕಳೆದುಕೊಳ್ಳಬಹುದಾದ ಮೊತ್ತ ಅದಕ್ಕಿಂತ ಬಹಳ ದೊಡ್ಡದು.

ಇನ್ನೊಂದು ಲೆಕ್ಕ. ಕಾಲೇಜು ಕೊಡುವ ‘ಮೆರಿಟ್ ಸ್ಕಾಲರ್‌ಶಿಪ್’ ಹೆಚ್ಚಾಗಿ ಫೀಸಿನಲ್ಲಿ ಬಿಡುವ ರಿಯಾಯಿತಿ. ಫೀಸು ಏರಿದರೂ ಅದು ಅಷ್ಟೇ ಉಳಿಯುತ್ತದೆ. ಫೀಸು 56,000 ಡಾಲರ್, ರಿಯಾಯಿತಿ 20,000 ಎಂದುಕೊಳ್ಳಿ. ಮೊದಲ ವರ್ಷ ಕಟ್ಟುವುದು 36,000. ವರ್ಷಕ್ಕೆ ಶೇ 4ರಂತೆ ಫೀಸು ಏರಿದರೆ ನಾಲ್ಕನೆಯ ವರ್ಷ ಕಟ್ಟಬೇಕಾದ್ದು ಸುಮಾರು 43,000. ಫೀಸು ಏರಿದ್ದು ಶೇ 12ರಷ್ಟು, ನಿಮ್ಮ ಜೇಬಿಗೆ ಬಿದ್ದ ಏರಿಕೆ ಶೇ 19ರಷ್ಟು. ಸಾಲದ ಮೊತ್ತವನ್ನು ಮೊದಲ ವರ್ಷದ ನಾಲ್ಕರಷ್ಟು ಎಂದು ಹಾಕಬೇಡಿ.

ಹುಬ್ಬಳ್ಳಿಯವಳು, ಈಗ ಬಾಲ್ಟಿಮೋರ್‌ನಲ್ಲಿ ಬಿಎಫ್‌ಎ ಎರಡನೇ ವರ್ಷ. ಒಕ್ಕೂಟದ ವಿನಿಮಯದಲ್ಲಿ ಒಂದು ಸೆಮಿಸ್ಟರ್ ಲಾಸ್ ಏಂಜಲೀಸ್ ಕಡೆ ಹೋಗಬೇಕೆಂದಿದ್ದೇನೆ. ಫೀಸು, ವೀಸಾ ಏನಾಗುತ್ತದೆ?

ಫೀಸು ನಿಮ್ಮ ಕಾಲೇಜಿಗೇ ಕಟ್ಟುತ್ತೀರಿ, ಹೋಗುವ ಕಾಲೇಜಿಗೆ ಅಲ್ಲ. ಈ ವ್ಯವಸ್ಥೆಯ ದೊಡ್ಡ ಅನುಕೂಲ ಅದೇ. ವಸತಿ, ಊಟ, ಪ್ರಯಾಣ, ಸಾಮಗ್ರಿ, ಲ್ಯಾಬ್ ಶುಲ್ಕ ನಿಮ್ಮದು. ಆರೋಗ್ಯ ವಿಮೆ ಎರಡೂ ಕಡೆ ಬಿಲ್ಲಾಗದಂತೆ ಒಂದು ಕಡೆ ವಿನಾಯಿತಿ ಅರ್ಜಿ ಹಾಕಿ.

ಹೋಗಲು ಸರಿಯಾದ ಸಮಯ ಮೂರನೇ ವರ್ಷ. ಕೊನೆಯ ವರ್ಷದಲ್ಲಿ ಥೀಸಿಸ್ ಶುರುವಾದ ಮೇಲೆ ಹೊರಗಿದ್ದರೆ ಪದವಿಯೇ ಒಂದು ಸೆಮಿಸ್ಟರ್ ಮುಂದಕ್ಕೆ ಹೋಗಬಹುದು. ಈಗಲೇ ನಿಮ್ಮ ಕಾಲೇಜಿನ ವಿನಿಮಯ ಸಂಯೋಜಕರನ್ನು ಕಾಣಿ. ಅರ್ಜಿ ಹೋಗುವುದು ಅವರ ಮೂಲಕವೇ, ನೇರವಾಗಿ ಅಲ್ಲ.

ಕೆಡುವುದು ಸಾಮಾನ್ಯವಾಗಿ ಕೋರ್ಸು ಹೊಂದಿಸುವಲ್ಲಿ. ಅತಿಥಿ ವಿದ್ಯಾರ್ಥಿಗೆ ಸೀಟು ಸಿಗುವುದು ಅವರ ಸ್ವಂತ ವಿದ್ಯಾರ್ಥಿಗಳು ಆರಿಸಿಕೊಂಡ ನಂತರ. ನೀವು ಬಯಸಿದ ಅನಿಮೇಷನ್ ಸ್ಟುಡಿಯೊ ತುಂಬಿಹೋಗಿರಬಹುದು. ಆದ್ದರಿಂದ ಪ್ರತಿ ಕೋರ್ಸಿಗೆ ಎರಡು ಬದಲಿ ಕೋರ್ಸುಗಳನ್ನೂ ಸೇರಿಸಿ, ಎಲ್ಲಕ್ಕೂ ವಿಭಾಗದ ಮುಖ್ಯಸ್ಥರ ಲಿಖಿತ ಒಪ್ಪಿಗೆ ಹೊರಡುವ ಮೊದಲೇ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ, ಮುಖ್ಯಸ್ಥರು ಬದಲಾದರೆ ಹೋಯಿತು. ಪಾಸಡೀನಾದ ಆರ್ಟ್‌ಸೆಂಟರ್ ವರ್ಷಕ್ಕೆ ಮೂರು ಅವಧಿಗಳಲ್ಲಿ ನಡೆಯುವ ಕಾಲೇಜು. ಅಂಥಲ್ಲಿಗೆ ಹೋಗುವುದಾದರೆ ಶುರು–ಕೊನೆಯ ದಿನಾಂಕ ನಿಮ್ಮ ಸೆಮಿಸ್ಟರಿಗೆ ಕೂಡುತ್ತದೆಯೇ ನೋಡಿ. ಎಷ್ಟೋ ಕಾಲೇಜುಗಳಲ್ಲಿ ವಿನಿಮಯದ ಅಂಕ ಬರೀ ಪಾಸು–ಫೇಲು ಎಂದು ದಾಖಲಾಗಿ ಸರಾಸರಿಗೆ ಸೇರುವುದಿಲ್ಲ. ಸ್ಕಾಲರ್‌ಶಿಪ್ ಉಳಿಸಿಕೊಳ್ಳಲು ಸರಾಸರಿ ಏರಿಸಬೇಕಾಗಿರುವವರು ಇದನ್ನು ಮೊದಲೇ ಕೇಳಬೇಕು.

ವೀಸಾ ಎಫ್–1 (ವಿದ್ಯಾರ್ಥಿ ವೀಸಾ) ತಾನೇ? ಕನಿಷ್ಠ 12 ಕ್ರೆಡಿಟ್ ಅಲ್ಲಿಯೂ ಇರಲೇಬೇಕು. ಆನ್‌ಲೈನ್ ಕೋರ್ಸು ಅದರಲ್ಲಿ ಒಂದಕ್ಕಿಂತ ಹೆಚ್ಚು ಲೆಕ್ಕಕ್ಕೆ ಬಾರದು. ಹೊರಡುವ ಮೊದಲು ನಿಮ್ಮ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಅಧಿಕಾರಿಯನ್ನು ಕಂಡು ಸೆವಿಸ್ ದಾಖಲೆ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರದ ದಾಖಲೆ) ಯಾರ ಬಳಿ ಉಳಿಯುತ್ತದೆ ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಮನೆ ಬದಲಿಸಿದ 10 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು. ಒಂದೇ ಸೆಮಿಸ್ಟರ್ ಎಂದು ಇದನ್ನು ಮರೆಯುವವರು ಬಹಳ.

ಒಂದು ಕಿವಿಮಾತು. ಮರಗೆಲಸ, ಲೋಹಗೆಲಸದ ಕೋಣೆಗಳಲ್ಲಿ ನಿಮ್ಮ ಕಾಲೇಜಿನ ಯಂತ್ರಪರವಾನಗಿ ಅಲ್ಲಿ ನಡೆಯದು, ಸುರಕ್ಷತಾ ತರಬೇತಿ ಮತ್ತೆ ಮಾಡಬೇಕು. ಅದು ಮೊದಲ ಎರಡು ವಾರದಲ್ಲಷ್ಟೇ ನಡೆಯುವುದುಂಟು. ಇಳಿದ ದಿನವೇ ಹೆಸರು ಹಚ್ಚಿಬಿಡಿ.

ಧಾರವಾಡದಲ್ಲಿ ಬಿವಿಎ ಓದುತ್ತಿದ್ದೇನೆ. ಎಂಎಫ್‌ಎಗೆ, ಅಂದರೆ ಲಲಿತಕಲೆಯ ಸ್ನಾತಕೋತ್ತರ ಪದವಿಗೆ, ಇಂಥ ಕಾಲೇಜುಗಳಿಗೆ ಅರ್ಜಿ ಹಾಕುವಾಗ ಪೋರ್ಟ್‌ಫೋಲಿಯೊ (ನಮ್ಮ ಕೃತಿಗಳ ಸಂಗ್ರಹ) ಹೇಗಿರಬೇಕು?

ನಾಲ್ಕು ವರ್ಷದ ಬಿವಿಎ ಇದ್ದರೆ ಎಂಎಫ್‌ಎಗೆ ಅರ್ಹತೆಯ ತಕರಾರು ಸಾಮಾನ್ಯವಾಗಿ ಬರುವುದಿಲ್ಲ. ಎಂಎಫ್‌ಎ ಎರಡು ವರ್ಷ, ಕನಿಷ್ಠ 60 ಕ್ರೆಡಿಟ್. ಚಿತ್ರಗಳ ಸಂಖ್ಯೆ ಕಾಲೇಜಿನಿಂದ ಕಾಲೇಜಿಗೆ ಬೇರೆ, ಬಹುತೇಕ 10ರಿಂದ 20ರ ಒಳಗೆ. 20 ಕೇಳಿದರೆಂದು ದುರ್ಬಲವಾದ ಆರನ್ನು ತುರುಕಬೇಡಿ. ಆಯ್ಕೆ ಸಮಿತಿ ನೆನಪಿಟ್ಟುಕೊಳ್ಳುವುದು ಆ ದುರ್ಬಲವಾದವನ್ನೇ.

ನಮ್ಮ ಕಡೆಯ ಅರ್ಜಿಗಳು ಎಡವುವುದು ಎರಡು ಕಡೆ. ಒಂದು, ಫೋಟೊ ನೋಡಿ ಬಿಡಿಸಿದ ಪೆನ್ಸಿಲ್ ಭಾವಚಿತ್ರಗಳು. ಕೈಚಳಕ ಎಷ್ಟೇ ಇದ್ದರೂ ಅದರಲ್ಲಿ ನೋಟ ಕ್ಯಾಮೆರಾದ್ದು. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕೂತು ಎದುರಿಗಿದ್ದುದನ್ನು ನೋಡಿ ಮಾಡಿದ ಎರಡು ಸ್ಕೆಚ್ ಪುಟ ಅದಕ್ಕಿಂತ ಹೆಚ್ಚು ಹೇಳುತ್ತವೆ. ಇನ್ನೊಂದು, ಎಲ್ಲ ಬಗೆಯೂ ಬರುತ್ತದೆಂದು ತೋರಿಸುವ ಆಸೆ: ಒಂದು ಲ್ಯಾಂಡ್‌ಸ್ಕೇಪ್, ಒಂದು ಗಣಪತಿ, ಒಂದು ಅಮೂರ್ತ, ಒಂದು ಪೋಸ್ಟರ್. ಎಂಎಫ್‌ಎಗೆ ಬೇಕಾದ್ದು ಒಂದೇ ಪ್ರಶ್ನೆಯನ್ನು ಹಿಡಿದು 10–12 ಕೃತಿಗಳಲ್ಲಿ ಬೆಳೆಸಿದ ಗುರುತು.

ಕೃತಿ ಚೆನ್ನಾಗಿದ್ದೂ ಛಾಯಾಚಿತ್ರ ಕೆಟ್ಟರೆ ಎಲ್ಲ ವ್ಯರ್ಥ. ಕೃತಿಯನ್ನು ಗೋಡೆಗೆ ನೇರವಾಗಿ ನಿಲ್ಲಿಸಿ, ಲೆನ್ಸ್ ಕೃತಿಯ ನಡುಮಧ್ಯದ ಎತ್ತರದಲ್ಲಿರಲಿ. ಎಡಕ್ಕೂ ಬಲಕ್ಕೂ 45 ಡಿಗ್ರಿಯಲ್ಲಿ ಒಂದೇ ಬಗೆಯ ಎರಡು ದೀಪ. ಒಂದು ಬಿಳಿ ಟ್ಯೂಬ್‌ಲೈಟ್, ಇನ್ನೊಂದು ಹಳದಿ ಬಲ್ಬ್ ಆದರೆ ಬಣ್ಣ ಅರ್ಧ ಚಿತ್ರದಲ್ಲಿ ನೀಲಿ, ಅರ್ಧದಲ್ಲಿ ಕಿತ್ತಳೆಯಾಗುತ್ತದೆ, ಆಮೇಲೆ ಸರಿಪಡಿಸಲಾಗದು. ದೀಪ ಇಲ್ಲದಿದ್ದರೆ ಮೋಡ ಕವಿದ ದಿನ ಬೆಳಿಗ್ಗೆ 10ರ ಹೊತ್ತಿಗೆ ಹೊರಗೆ ತೆಗೆಯಿರಿ. ಫೋನ್ ಆದರೆ ವೈಡ್ ಲೆನ್ಸ್ ಬೇಡ, ಅಂಚುಗಳು ಬಾಗುತ್ತವೆ. ಎರಡು ಮೀಟರ್ ಹಿಂದೆ ಸರಿದು ಸ್ವಲ್ಪ ಜೂಮ್ ಮಾಡಿ. ಗಾಜು, ಫ್ರೇಮು ತೆಗೆದುಬಿಡಿ. ಉದ್ದನೆಯ ಬದಿ ಸುಮಾರು 2,000 ಪಿಕ್ಸೆಲ್ ಸಾಕು. ಶಿಲ್ಪಕ್ಕೆ ಒಂದು ಪೂರ್ಣ ನೋಟ, ಒಂದು ಹತ್ತಿರದ ನೋಟ. ಪ್ರತಿ ಚಿತ್ರಕ್ಕೂ ಹೆಸರು, ಮಾಧ್ಯಮ, ಅಳತೆ, ವರ್ಷ ಬರೆಯಲೇಬೇಕು. ಅಳತೆ ಬಿಟ್ಟರೆ ಆರಡಿ ಕ್ಯಾನ್ವಾಸೂ ಅಂಗೈಯಗಲದ ಕಾಗದದಂತೆ ಕಾಣುತ್ತದೆ.

ಓದು ಮುಗಿದ ಮೇಲೆ ಅಲ್ಲಿ ಎಷ್ಟು ಕಾಲ ಕೆಲಸ ಮಾಡಬಹುದು?
*– ತಂದೆ, ಮಂಗಳೂರು*

ಈಗಿನ ನಿಯಮದಂತೆ ಒಪಿಟಿ (ಓದಿದ ವಿಷಯದಲ್ಲಿ ಕೆಲಸ ಮಾಡಲು ಎಫ್–1 ವಿದ್ಯಾರ್ಥಿಗಳಿಗೆ ಸಿಗುವ ಅನುಮತಿ) 12 ತಿಂಗಳು, ಅದರಲ್ಲಿ ಕೆಲಸವಿಲ್ಲದ ದಿನಗಳು 90 ದಾಟುವಂತಿಲ್ಲ. ಇನ್ನೂ 24 ತಿಂಗಳ ವಿಸ್ತರಣೆ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ಪದವಿಗಳಿಗೆ ಮಾತ್ರ. ಅದು ತೀರ್ಮಾನವಾಗುವುದು ವೀಸಾಕ್ಕೆಂದು ಕಾಲೇಜು ಕೊಡುವ ಐ–20 ಪತ್ರದಲ್ಲಿರುವ ಸಿಐಪಿ ಸಂಖ್ಯೆಯಿಂದ (ಓದುವ ವಿಷಯದ ಸಂಕೇತ ಸಂಖ್ಯೆ), ಪದವಿಯ ಹೆಸರಿನಿಂದಲ್ಲ. ಚಿತ್ರಕಲೆ, ಶಿಲ್ಪ, ಇಲಸ್ಟ್ರೇಷನ್ ಇವು 50ರಿಂದ ಶುರುವಾಗುವ ಸಂಖ್ಯೆಗಳು, ಆ ಪಟ್ಟಿಯಲ್ಲಿಲ್ಲ. ಅನಿಮೇಷನ್‌ಗೆ 10.0304 ಎಂಬ ಸಂಖ್ಯೆ ಹಾಕಿದ್ದರೆ ಅದು ಪಟ್ಟಿಯಲ್ಲಿದೆ. ಎರಡು ಕಾಲೇಜುಗಳು ಒಂದೇ ಅನಿಮೇಷನ್ ಪದವಿಗೆ ಬೇರೆ ಬೇರೆ ಸಂಖ್ಯೆ ಕೊಟ್ಟಿರಬಹುದು, ಠೇವಣಿ ಕಟ್ಟುವ ಮುನ್ನ ಕೇಳಿ.

ನಮ್ಮದು ಉತ್ತರ ಕರ್ನಾಟಕದ ಸಣ್ಣ ಖಾಸಗಿ ಚಿತ್ರಕಲಾ ಕಾಲೇಜು. ರಾಜ್ಯದಲ್ಲಿ ನಮ್ಮಂಥವು ಹಲವಿವೆ. ನಾವೂ ಇಂಥ ಒಕ್ಕೂಟ ಕಟ್ಟಬಹುದೇ?
*– ಕಾಲೇಜೊಂದರ ಕಾರ್ಯದರ್ಶಿ*

ಕಟ್ಟಬಹುದು, ಕಟ್ಟಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ 18 ದಾಟಿದ ಕನಿಷ್ಠ ಏಳು ಮಂದಿ ಸೇರಿದರೆ ಸಾಕು. ಶಿಕ್ಷಣ, ಲಲಿತಕಲೆ ಎರಡೂ ಆ ಕಾಯ್ದೆ ಒಪ್ಪುವ ಉದ್ದೇಶಗಳೇ. ಪ್ರತಿ ಕಾಲೇಜಿನ ಆಡಳಿತ ಮಂಡಳಿ ಒಬ್ಬ ಪ್ರತಿನಿಧಿಯನ್ನು ಹೆಸರಿಸಿ ಠರಾವು ಮಾಡಲಿ. ಠರಾವಿನಲ್ಲಿ ‘ಹುದ್ದೆಯಲ್ಲಿರುವವರೆಗೆ’ ಎಂಬ ಮಾತಿರಲಿ. ಇಲ್ಲದಿದ್ದರೆ ನಿವೃತ್ತರಾದ ಪ್ರಾಂಶುಪಾಲರು ಸದಸ್ಯರಾಗಿ ಉಳಿದು ಕಾಲೇಜಿಗೆ ಮತವೇ ಇಲ್ಲದಂತಾಗುತ್ತದೆ. ಸಂಘದ ಮೆಮೊರಾಂಡಮ್, ನಿಯಮಾವಳಿ, ವಿಳಾಸದ ದಾಖಲೆ ಸಮೇತ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಅರ್ಜಿ. ಆಮೇಲೆ ಪ್ರತಿವರ್ಷ ಮಹಾಸಭೆ ಆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ಹೆಚ್ಚಿನ ಸಂಘಗಳು ಸೊರಗುವುದು ಜಗಳದಿಂದಲ್ಲ, ಈ ಪಟ್ಟಿ ಮೂರು ವರ್ಷ ಕೊಡದೆ ಬಿಟ್ಟು.

ಸದಸ್ಯತ್ವ ಶುಲ್ಕ ಎಲ್ಲರಿಗೂ ಒಂದೇ ಮಾಡಬೇಡಿ. 50 ವಿದ್ಯಾರ್ಥಿಗಳವರೆಗೆ ವರ್ಷಕ್ಕೆ 5,000, 150ರವರೆಗೆ 10,000, ಅದರ ಮೇಲೆ 20,000 ರೂಪಾಯಿ, ಮತ ಮಾತ್ರ ಎಲ್ಲರಿಗೂ ಒಂದೊಂದು ಎಂದರೆ ಚಿಕ್ಕವರು ಬರುತ್ತಾರೆ, ದೊಡ್ಡವರು ಆಳುವುದಿಲ್ಲ. ಒಟ್ಟು ವಹಿವಾಟು 20 ಲಕ್ಷ ದಾಟುವ ಹಂತ ಬಂದರೆ ಜಿಎಸ್‌ಟಿ ಬಗ್ಗೆ ಲೆಕ್ಕಪರಿಶೋಧಕರನ್ನು ಕೇಳಿ.

ಮೊದಲ ವರ್ಷ ಒಂದೇ ಕೆಲಸ ಹಿಡಿಯಿರಿ, ಮೊದಲ ತಿಂಗಳಲ್ಲೇ ಎಲ್ಲರಿಗೂ ಉಪಯೋಗ ಕಾಣುವಂಥದ್ದು. ನಮ್ಮ ಮಟ್ಟಿಗೆ ಅದು ಒಟ್ಟು ಖರೀದಿ: ಡ್ರಾಯಿಂಗ್ ಕಾಗದ, ಕ್ಯಾನ್ವಾಸ್ ಸುರುಳಿ, ಪ್ರಿಂಟಿಂಗ್ ಇಂಕು, ಎಚ್ಚಿಂಗಿನ ಸತುವಿನ ತಗಡು. ಎರಡನೆಯ ವರ್ಷ ಯಂತ್ರ ಹಂಚಿಕೆ. ಎಚ್ಚಿಂಗ್ ಪ್ರೆಸ್ ಇಲ್ಲದ ಕಾಲೇಜಿನ 12 ಮಕ್ಕಳು ಇರುವ ಕಾಲೇಜಿಗೆ ಹತ್ತು ದಿನ ಹೋಗಿ ಕೆಲಸ ಮಾಡಿಬರಲಿ. ಅಮೆರಿಕದ ರೀತಿ ಪೂರ್ತಿ ಸೆಮಿಸ್ಟರಿನ ವಿನಿಮಯಕ್ಕೆ ಈಗಲೇ ಕೈಹಾಕಬೇಡಿ. ಅಲ್ಲಿ ಪ್ರತಿ ಕಾಲೇಜೂ ತಾನೇ ಪದವಿ ಕೊಡುತ್ತದೆ, ಒಬ್ಬರ ಕ್ರೆಡಿಟ್ ಇನ್ನೊಬ್ಬರು ಒಪ್ಪಿದರೆ ಆಯಿತು. ನಮ್ಮ ಕಾಲೇಜುಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳ ಸಂಯೋಜನೆಯಲ್ಲಿವೆ, ಸಿಲಬಸ್ ಅವರದು, ಪರೀಕ್ಷೆ ಅವರದು. ಯುಜಿಸಿಯ 2021ರ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ ಕೂಡಿಡುವ ವ್ಯವಸ್ಥೆ) ಇದಕ್ಕೆ ದಾರಿ ತೆರೆದಿದೆ, ಆದರೆ ಎರಡೂ ಕಡೆಯ ವಿಶ್ವವಿದ್ಯಾಲಯಗಳು ಒಪ್ಪಿ ಕ್ರೆಡಿಟ್ ಹೊಂದಿಸಬೇಕು. ಆ ಮಾತುಕತೆಗೆ ಒಂಟಿ ಕಾಲೇಜು ಹೋದರೆ ಕುರ್ಚಿ ಸಿಗದು. ಹನ್ನೆರಡು ಕಾಲೇಜುಗಳ ಪತ್ರ ಹಿಡಿದು ಹೋದರೆ ಸಿಗುತ್ತದೆ.

ಒಂದು ವಿಷಯ ಮಾತ್ರ ಸಭೆಯಲ್ಲಿ ಚರ್ಚೆಗೇ ಬರಬಾರದು: ‘ಎಲ್ಲರೂ ಇಂತಿಷ್ಟೇ ಫೀಸು ತೆಗೆದುಕೊಳ್ಳೋಣ’ ಎಂಬ ಒಪ್ಪಂದ. 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಬೆಲೆ ಒಪ್ಪಂದವನ್ನು ತಡೆಯುತ್ತದೆ. ವಿದ್ಯಾರ್ಥಿವೇತನದ ಮೊತ್ತವನ್ನು ಒಟ್ಟಾಗಿ ಕೂತು ತೀರ್ಮಾನಿಸುತ್ತಿದ್ದ ಐವಿ ಲೀಗ್ (ಹಾರ್ವರ್ಡ್, ಯೇಲ್ ಮುಂತಾದ ಹೆಸರಾಂತ) ವಿಶ್ವವಿದ್ಯಾಲಯಗಳ ಮೇಲೆ ಅಮೆರಿಕದ ನ್ಯಾಯ ಇಲಾಖೆ ಮೊಕದ್ದಮೆ ಹೂಡಿದ್ದು 1991ರಲ್ಲಿ, ಈ ಕಲಾ ಕಾಲೇಜುಗಳ ಒಕ್ಕೂಟ ಹುಟ್ಟಿದ ವರ್ಷವೇ. ಅಂಕಿಅಂಶ ಹಂಚಿಕೊಳ್ಳುವುದಾದರೆ ಹಿಂದಿನ ವರ್ಷದ್ದನ್ನು, ಕಾಲೇಜುಗಳ ಹೆಸರು ತೆಗೆದು, ಸರಾಸರಿಯಾಗಿ ಹಂಚಿ.